ಖಾಲಿ ಮೊಳೆ

ಬಂಗಾರಪೇಟೆ ಸ್ಟೇಷನ್ನಿನ ಎದುರು, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಡ ಹೋಗಿ ವರ್ಷವಾಗಿತ್ತು. ಚಿನ್ನದ ಗಣಿಯ ಉರಿಗಾಂನಿಂದ ರೈಲಿನಲ್ಲಿ ನನ್ನ ಜೊತೆ ಮಾವನೂ ಬಂದು, ಪಾಠ ಮುಗಿಯುವವರೆಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿರುತ್ತಿದ್ದರು. ಸೊಸೆಯನ್ನು ಒಬ್ಬಳನ್ನೇ ಕಳಿಸಿದರೆ ಜನ ಏನೆಂದಾರು ಎಂಬ ಚಿಂತೆ ಅವರದು. ಜನಕ್ಕೆ ನನ್ನ ಬಗ್ಗೆ ಯೋಚಿಸಲು ಪುರುಸೊತ್ತಿತ್ತೋ ಏನೋ, ನನಗಂತೂ ಜನದ ಗೊಡವೆ ಇರಲಿಲ್ಲ.

ಟೈಪಿಂಗ್ ಮೊದಲೇ ಬರುತ್ತಿತ್ತು. ಕೈ ತಾನಾಗಿ ಓಡುತ್ತಿತ್ತು, ನಾನು ಬೇರೆಲ್ಲೋ ಇರುತ್ತಿದ್ದೆ. ಅಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆಂದು ಮೇಷ್ಟ್ರು ಹೇಳಿದ್ದರು. ಮಾವ ಕೆಲಸ ಬಿಟ್ಟಿದ್ದರು, ಮನೆಗೆ ಬೇರೆ ಆಸರೆ ಇರಲಿಲ್ಲ. ತೊಡಕು ಒಂದೇ. ತೆರೆದ ಯಾವ ವಿಂಡೋವನ್ನೂ ನಾನು ಕ್ಲೋಸ್ ಮಾಡುತ್ತಿರಲಿಲ್ಲ.

ಪರದೆಯ ಅಡಿಯಲ್ಲಿ ಒಂದು ಬೂದು ಪಟ್ಟಿ. ತೆರೆದ ಪ್ರತಿ ಕೆಲಸಕ್ಕೂ ಅದರಲ್ಲಿ ಒಂದು ಚೌಕ. ಕೆಲಸವನ್ನು ಕೆಳಗಿಳಿಸಿದರೂ ಚೌಕ ಉಳಿಯುತ್ತದೆ, ಒತ್ತಿದರೆ ಕೆಲಸ ಮತ್ತೆ ಮೇಲೆ ಬರುತ್ತದೆ. ಕ್ಲೋಸ್ ಮಾಡಿದರೆ ಚೌಕವೂ ಹೋಗುತ್ತದೆ. ನಾನು ಎಲ್ಲವನ್ನೂ ಬರೀ ಇಳಿಸುತ್ತಿದ್ದೆ. ಪಟ್ಟಿ ತುಂಬಿ ಕಂಪ್ಯೂಟರ್ ನಿಂತೇಹೋಗುತ್ತಿತ್ತು. "ನಿಮಗೆ ಹೇಳೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ," ಎಂದರು ಮೇಷ್ಟ್ರು. ಇನ್ನೊಂದು ಸಲ ನಿಂತರೆ ಬೇರೆಯವರನ್ನು ಕೂರಿಸುತ್ತಾರಂತೆ. ಕೋಣನಿಗೆ ಕಾರಣ ಗೊತ್ತಿತ್ತು.

ಮಾವ ಗಣಿಯಲ್ಲಿ ಟೋಕನ್ ಬೋರ್ಡ್ ನೋಡಿಕೊಳ್ಳುತ್ತಿದ್ದವರು. ಕೆಳಗಿಳಿಯುವವನು ತನ್ನ ಹಿತ್ತಾಳೆ ಬಿಲ್ಲೆ ಕೊಟ್ಟು ಹೋಗುತ್ತಾನೆ, ಇವರು ಅದನ್ನು ಅವನ ಮೊಳೆಗೆ ನೇತುಹಾಕುತ್ತಾರೆ. ಬಿಲ್ಲೆ ಇದ್ದರೆ ಆಳು ಒಳಗಿದ್ದಾನೆ, ಮೊಳೆ ಖಾಲಿಯಾದರೆ ಮೇಲೆ ಬಂದಿದ್ದಾನೆ. ಗಣಿ ಆಳುಗಳ ಲೈನ್ ಮನೆಗಳ ಹೆಂಗಸರಿಗೆಲ್ಲ ಇದು ಗೊತ್ತು.

ಅಂದು ಕೆಳಗೆ ಬಂಡೆ ಸಿಡಿದು ಮನೆಯ ಪಾತ್ರೆಗಳು ಅದುರಿದಾಗ ಎಲ್ಲರ ಜೊತೆ ನಾನೂ ಓಡಿದೆ. ಗೇಟಿನ ಹೊರಗೆ ತಾಸುಗಟ್ಟಲೆ ನಿಲ್ಲಿಸಿ ಆಮೇಲೆ ಒಳಗೆ ಬಿಟ್ಟರು. ಯಾರನ್ನೂ ಕೇಳಲಿಲ್ಲ, ಬೋರ್ಡ್ ನೋಡಿದೆ. ನನ್ನ ಗಂಡನ ಮೊಳೆ ಖಾಲಿ. ಹೋದ ಜೀವ ಬಂದಂತಾಯಿತು. ಅಳುತ್ತಿದ್ದ ಹೆಂಗಸರ ಮುಂದೆ ನನ್ನ ಸಂತೋಷ ಕಾಣಬಾರದೆಂದು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ. ಗಂಡನ ಸ್ನಾನಕ್ಕೆ ನೀರು ಕಾಯಲಿಟ್ಟೆ. ನೀರು ಮರಳುವಾಗ ಮಾವ ಬಂದರು. ಮಗನನ್ನು ಮೇಲೆ ತಂದಿದ್ದು ನಿಜ. ಸತ್ತವನೂ ಮೇಲೆ ಬಂದರೆ ಬಿಲ್ಲೆ ತೆಗೆಯುವುದು ಪದ್ಧತಿ, ಅವರು ತೆಗೆದಿದ್ದರು. ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಒಲೆ ಆರಿಸಿದ್ದು ನೆನಪಿದೆ. ಆಮೇಲೆ ಮನೆಯಲ್ಲಿ ಬಿಸಿನೀರಿನ ಮಾತಿಲ್ಲ, ಇಬ್ಬರೂ ತಣ್ಣೀರನ್ನೇ ಸುರಿದುಕೊಳ್ಳುತ್ತಿದ್ದೆವು.

ಕಡೆಗೊಂದು ದಿನ ಮೇಷ್ಟ್ರು ನನ್ನ ಬೆನ್ನ ಹಿಂದೆ ನಿಂತರು. "ಎಲ್ಲಾ ಕ್ಲೋಸ್ ಮಾಡಿ, ನಾನು ನೋಡ್ಬೇಕು." ನನ್ನ ಬೆರಳು ಮೌಸಿನ ಮೇಲೆ ಸುಮ್ಮನೆ ಕೂತಿತ್ತು. ಮಾವ ಬೆಂಚಿನಿಂದ ಎದ್ದು ಬಂದು ಪರದೆಯತ್ತ ಬಗ್ಗಿದರು.

"ಯಾಕಮ್ಮಾ, ತೆಗ್ಯಾಕಾಗಲ್ವಾ?"

"ತೆಗುದ್ರೆ ಜಾಗ ಖಾಲಿ ಆಯ್ತದೆ ಮಾವ."

ಅವರು ಪಟ್ಟಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ಅವತ್ತು ನೀನು ಬೋರ್ಡ್ ನೋಡಿದ್ದನ್ನ ನಾನ್ ನೋಡ್ದೆ ಕಣಮ್ಮಾ. ನಿನ್ ಮಕ ಅರಳ್ತು. ಕರ್ದು ಏಳಾನಾ ಅನ್ಕೊಂಡೆ, ಬಾಯೇ ಬರ್ಲಿಲ್ಲ. ಒಂದ್ ಗಳಿಗೆನಾದ್ರೂ ಅಂಗೇ ಇರ್ಲಿ ಅಂತ ಬುಟ್ಬುಟ್ಟೆ."

ಆ ಸಂತೋಷವನ್ನು ಯಾರೂ ಕಂಡಿರಲಿಲ್ಲ ಎಂದುಕೊಂಡಿದ್ದೆ.

ಒಂದೊಂದನ್ನೇ ಕ್ಲೋಸ್ ಮಾಡಿದೆ. ಪಟ್ಟಿ ಬರಿದಾಯಿತು, ಮೂಲೆಯಲ್ಲಿ ಗಡಿಯಾರ ಉಳಿಯಿತು. ಸೋಮವಾರದಿಂದ ಬನ್ನಿ ಎಂದರು ಮೇಷ್ಟ್ರು. ನನಗೇನೂ ಅನಿಸಲಿಲ್ಲ.

ಮನೆಗೆ ಬಂದವಳೇ ಬಚ್ಚಲ ಒಲೆ ಹಚ್ಚಿದೆ. ಹಂಡೆಗೆ ನೀರು ತುಂಬಿದೆ. ಕಾದ ಮೇಲೆ ಹೊರಗೆ ಬಂದು, "ನೀರು ಕಾದೈತೆ ಮಾವ, ಓಗಿ ಉಯ್ಕಳಿ," ಎಂದೆ.