ಜಯರಾಮಯ್ಯನವರ ದೊಡ್ಡಿಯ ಜಿಂಕೆಗಳು

ಮಧುಗಿರಿಯ ಬಯಲಲ್ಲಿ ಮೂವತ್ತು ವರ್ಷ ಕುರಿ ಕಾದ ಪಾಲಪ್ಪನಿಗೆ ಓದು ಬರುತ್ತಿರಲಿಲ್ಲ. ಕುರಿಗಳ ಆಚೆ ಮೇಯುತ್ತಿದ್ದ ಕೃಷ್ಣಮೃಗಗಳ ನಡವಳಿಕೆ ಮಾತ್ರ ಗೊತ್ತಿತ್ತು. ಒಮ್ಮೆ ತಾಯಿ ಸತ್ತ ಗಂಡುಮರಿಯೊಂದನ್ನು ಹೊತ್ತು ತಂದ. ಹೆಂಡತಿ ಕದರಮ್ಮ ಮೇಕೆಹಾಲು ಕುಡಿಸಿ ಉಳಿಸಿದಳು.

ಅದೇ ವರ್ಷ, 1931ರಲ್ಲಿ, ಪಿಂಚಣಿ ಪಡೆದು ಊರಿಗೆ ಬಂದ ಜಯರಾಮಯ್ಯನವರು ‘ಮೃಗಸ್ವಭಾವ ವಿಚಾರ’ ಎಂಬ ಗ್ರಂಥಕ್ಕೆ ಕೈಹಾಕಿದರು. ಬಿಸಿಲಲ್ಲಿ ಬಯಲು ಸುತ್ತುವುದು ಅವರ ಘನತೆಗೂ ಮೊಣಕಾಲಿಗೂ ಒಗ್ಗಲಿಲ್ಲ. ಆದ್ದರಿಂದ ಮೃಗಸ್ವಭಾವವನ್ನೇ ಹಿತ್ತಿಲಿಗೆ ತರಿಸಿಕೊಂಡರು. ಆಳೆತ್ತರದ ಮಣ್ಣುಗೋಡೆಯ ದೊಡ್ಡಿಯೊಳಗೆ ಒಂಬತ್ತು ಹೆಣ್ಣು ಕೃಷ್ಣಮೃಗ, ಒಂದು ದೊಡ್ಡ ಗಂಡು. ತನ್ನ ಜಾತಿಯ ಜೊತೆ ಬೆಳೆಯಲಿ ಎಂದು ಪಾಲಪ್ಪ ಮರಿಯನ್ನೂ ಅಲ್ಲಿಗೇ ಬಿಟ್ಟ. ತಾನೂ ಕಾವಲಿಗೆ ನಿಂತ.

ಮೂರು ವರ್ಷಕ್ಕೆ ಮರಿ ಪ್ರಾಯಕ್ಕೆ ಬಂದು ಬೆನ್ನು ಕಪ್ಪಾಯಿತು. ದೊಡ್ಡ ಗಂಡು ಅದನ್ನು ದಿನವೂ ಅಟ್ಟತೊಡಗಿತು.

“ಸೋಮಿ, ಗ್ವಾಡೇಲಿ ಒಂದು ಸಂದು ಮಾಡ್ಬುಡಿ,” ಎಂದ ಪಾಲಪ್ಪ. “ಬಯಲಾಗೆ ಸೋತಿದ್ದು ದೂರ ಓಯ್ತದೆ, ಗೆದ್ದಿದ್ದು ಅಲ್ಲಿಗೇ ಬುಡ್ತದೆ. ಇಲ್ಲಿ ಸೋತಿದ್ದು ಎಲ್ಲಿಗೋಗ್ಬೇಕು?”

“ಲೋ, ಇದು ಸಾಯುವ ತನಕ ಕಾದಾಡುವ ಜಾತಿ. ಮೂರನೆಯ ಅಧ್ಯಾಯದಲ್ಲಿ ಬರೆದಾಗಿದೆ.”

“ಅಂಗೆ ಸತ್ತಿದ್ದ ನಾನೊಂದೂ ಕಂಡಿಲ್ಲ ಸೋಮಿ.”

“ನೀನು ಕಂಡದ್ದನ್ನು ಎಲ್ಲಾದರೂ ಬರೆದಿಟ್ಟಿದ್ದೀಯೇನೋ?”

ಪಾಲಪ್ಪ ಬರೆದಿಟ್ಟಿರಲಿಲ್ಲ.

ಕದರಮ್ಮ ಮನೆಯಲ್ಲಿ ಬೇರೆ ಮಾತೇ ಆಡಲಿಲ್ಲ. “ಕೂಡಾಕ್ದೋನು ನೀನು, ಬುಡ್ಸೋನೂ ನೀನೇ. ಕೆಲ್ಸ ಓದ್ರೆ ಓಗ್ಲಿ ಕಣಯ್ಯ.”

ಮರುದಿನ ಬೆಳಿಗ್ಗೆ ಅವನು ಹಾರೆಯಿಂದ ಗೋಡೆ ಒಡೆದ. ಜಿಂಕೆ ದಾಟುವಷ್ಟು ಸಂದಾಯಿತು. ಅಷ್ಟರಲ್ಲಿ ಕೊಂಬಿಗೆ ಕೊಂಬು ತಾಗಿತ್ತು. ಸೋತ ಮರಿ ಓಡಿತು. ದಿನಾ ಅಟ್ಟಿಸಿಕೊಂಡು ಓಡಿದ್ದರಿಂದ ಗೋಡೆಯ ಒಳಮಗ್ಗುಲಿಗೆ ಒಂದು ದಾರಿ ಸವೆದಿತ್ತು. ಮರಿ ಅದನ್ನೇ ಹಿಡಿಯಿತು. ಸಂದಿನ ಮುಂದೆಯೇ ಹಾದುಹೋಯಿತು. ಒಂದು ಸುತ್ತು ಬಂದು ಮತ್ತೆ ಹಾದುಹೋಯಿತು. ಪಾಲಪ್ಪ ಕೈ ಅಗಲಿಸಿ ಅಡ್ಡ ನಿಂತರೆ ಅವನನ್ನೂ ತಪ್ಪಿಸಿಕೊಂಡು ಅದೇ ದಾರಿಗೆ ಬಿತ್ತು. ಮೂರನೆಯ ಸುತ್ತಿನಲ್ಲಿ ಮೂಲೆಗೆ ಸಿಕ್ಕಿತು. ದೊಡ್ಡದರ ಕೊಂಬು ಪಕ್ಕೆಯೊಳಕ್ಕೆ ಇಳಿಯಿತು. ಬಿದ್ದ ಮೇಲೂ ದೊಡ್ಡದು ಬಿಡಲಿಲ್ಲ.

ಜಯರಾಮಯ್ಯನವರು ಕನ್ನಡಕ ಒರೆಸುತ್ತ ಬಂದರು. ಅವರಿಗೆ ಕೋಪ ಬಂದಂತೆ ಕಾಣಲಿಲ್ಲ, ವಾದ ಗೆದ್ದಿದ್ದರು.

“ನೋಡಿದೆಯಾ? ದಾರಿ ಬಿಟ್ಟರೂ ಹೋಗಲಿಲ್ಲ. ಸ್ವಭಾವ ಅಂದರೆ ಇದು.” ಒಳಕ್ಕೆ ಹೊರಟವರು ತಿರುಗಿ ನಿಂತರು. “ಚರ್ಮ ಹುಷಾರಾಗಿ ಬಿಡಿಸು. ಪೂಜೆಗೆ ಕೂರೋಕೆ ಬೇಕು.”

“ಇಲ್ಲ ಸೋಮಿ. ತಂದೋನು ನಾನು, ಎತ್ಕೊಂಡೋಗೋನೂ ನಾನೇ.”

ಮರಿಯನ್ನು ಹೆಗಲಿಗೇರಿಸಿ, ತಾನು ಒಡೆದ ಸಂದಿನಿಂದಲೇ ಪಾಲಪ್ಪ ಹೊರಬಿದ್ದ. ಉಳಿದ ಜಿಂಕೆಗಳಲ್ಲಿ ಒಂದೂ ಅವನ ಹಿಂದೆ ಬರಲಿಲ್ಲ.

ಅವನು ಬರುವುದನ್ನು ಕದರಮ್ಮ ದೂರದಿಂದಲೇ ಕಂಡಳು. ಗುದ್ದಲಿ ತೆಗೆದುಕೊಂಡು ಮನೆಯ ಹಿಂದಕ್ಕೆ ನಡೆದಳು.