‘ಕೂಲ್’ ಎಂದು ಬರೆದ ಅರ್ಜಿ

ಬೆಟ್ಟದ ನೀರು ಸುರಂಗ ದಾಟಿ ನಮ್ಮ ಕಂಬಂ ಕಣಿವೆಗೆ ಇಳಿದ ಮರುವರ್ಷ, ದನ ಮೇಯುತ್ತಿದ್ದ ಬಯಲೆಲ್ಲ ಭತ್ತದ ಗದ್ದೆಯಾಯಿತು. ಚಿನ್ನಮನೂರಿನ ನನ್ನ ಸೋದರಮಾವ ತಮ್ಮ ಮಂದೆಯನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋದರು. ಅಲ್ಲಿ ಬೆಂಕಿ ಹಾಕುವಂತಿಲ್ಲ, ಕಾಡಿನ ಕಾನೂನು. ಚಳಿಗಾಲದ ಮಾರ್ಗಳಿ ತಿಂಗಳು ಹುಟ್ಟಿದ ವಾರದಲ್ಲೇ ಎರಡು ಎಳೆಗರು ಸತ್ತವು. ಬೆಂಕಿಗೆ ಅಪ್ಪಣೆ ಬೇಡಿ ಅರಣ್ಯ ಇಲಾಖೆಯ ಬಿಳಿಯ ದೊರೆಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ದಿಂಡಿಗಲ್ಲಿನ ಶಾಲೆಯ ಚರ್ಚಾಕೂಟದಲ್ಲಿ ನಾನು ಗಳಿಸಿದ್ದ ಹೆಸರು ಒಂದೇ: ಉತ್ಪ್ರೇಕ್ಷೆ ಮಾಡಿದವನನ್ನು ಇವನು ಬಿಡುವುದಿಲ್ಲ. ನನ್ನ ಪಾಠಪುಸ್ತಕದಲ್ಲಿ ‘ಕೋಲ್ಡ್’ ಎಂಬುದು ಹಿಮ ಬೀಳುವ ದೇಶದ ಮಾತು. ನಮ್ಮ ಬೆಟ್ಟಕ್ಕೆ ಅಷ್ಟು ದೊಡ್ಡ ಮಾತೇಕೆ? ರಾತ್ರಿ ಹವೆ ಬಹಳ ‘ಕೂಲ್’ ಎಂದು ಬರೆದೆ. ಕರುಗಳು ನೂರು ಕಾರಣಕ್ಕೆ ಸಾಯುತ್ತವೆ, ಚಳಿಯೇ ಕೊಂದಿತೆಂಬುದಕ್ಕೆ ಪುರಾವೆ ಎಲ್ಲಿ? ಕರು ಸತ್ತ ಸುದ್ದಿಯನ್ನೇ ಅರ್ಜಿಯಿಂದ ಬಿಟ್ಟುಬಿಟ್ಟೆ.

ಹತ್ತು ದಿನಕ್ಕೆ ಉತ್ತರ ಬಂತು. ಕೂಲ್ ಹವೆ ಮನುಷ್ಯರಿಗೂ ದನಗಳಿಗೂ ಹಿತ, ಬೆಂಕಿ ಅನಗತ್ಯ. ಬಿಸಿಲಿಗೆ ಬೆಂದ ದೊರೆಗಳು ಕೊಡೈಕಾನಲ್ ಹತ್ತುವುದೇ ಆ ‘ಕೂಲ್’ ಹುಡುಕಿಕೊಂಡು ಎಂಬುದು ನನಗೆ ಆಗ ಹೊಳೆಯಿತು. ಅಷ್ಟರಲ್ಲಿ ಮೂರನೆಯ ಕರುವೂ ಹೋಗಿತ್ತು.

ಮಾವ ಬೆಟ್ಟದಿಂದ ಇಳಿದು ಬಂದು ಜಗಲಿಯಲ್ಲಿ ಕೂತರು. “ಏನ್ ಬರ್ದೆ, ಸೊಲ್ಲು, ಹೇಳು ಅಳಿಯಾ.”

“ತಂಪು ಅಂತ.”

“ಹಸ ಚದ್ರಿ ಮೇದ್ರೆ ತಂಪು. ಒಂದರ ಹೊಟ್ಟೆಗೆ ಒಂದು ಒತ್ಕಂಡು ನಿಂತ್ರೆ ಚಳಿ. ತಾಯಿ ನೆಕ್ಕಿದ್ರೂ ಕರು ಏಳಾದಿಲ್ಲ ನೋಡು, ಅದು ಕುಳಿರು. ಅದ್ಕೆ ನಿನ್ನ ಇಂಗ್ಲೀಸ್ನಾಗೆ ಏನಂತಾರೆ?”

“ಫ್ರೀಜಿಂಗ್ ಅನ್ಬೋದು ಮಾಮ. ಆದ್ರೆ ಅದಕ್ಕೆ ನೀರು ಗಟ್ಟಿಯಾಗ್ಬೇಕು.”

“ನೀರು ಗಟ್ಟಿಯಾಗೋ ಗಂಟ ಕರು ಕಾಯ್ತದಾ?”

ನಾನು ಹೊಸ ಕಾಗದ ತೆಗೆದೆ. ಹೊರಗಿನ ಹವೆಗೆ ‘ಕೋಲ್ಡ್’ ಸಾಕು. ಅದು ಮೈಯೊಳಗೆ ಹೊಕ್ಕು ಕೂತರೆ ‘ಚಿಲ್’. ಮೂರು ಕರುಗಳು ಚಿಲ್ ಹಿಡಿದು ಸತ್ತವೆಂದು ಹೊಸದಾಗಿ ಬರೆದೆ. ದನ ಹೇಗೆ ನಿಲ್ಲುತ್ತವೆ, ಕರು ಹೇಗೆ ಏಳುವುದಿಲ್ಲ ಎಂದು ಮಾವ ಹೇಳಿದ್ದನ್ನೂ ಹಾಗೆಯೇ ಇಳಿಸಿದೆ.

ದೊರೆ ಪೆರಿಯಕುಳಂನಲ್ಲಿ ಬಿಡಾರ ಹೂಡಿದ್ದರು; ಹೊಸ ಅರ್ಜಿ ಹಿಡಿದು ನಾನೂ ಮಾವನೂ ಅಲ್ಲಿಗೇ ಹೋದೆವು. ಎರಡೂ ಅರ್ಜಿಗಳನ್ನು ಪಕ್ಕಪಕ್ಕದಲ್ಲಿಟ್ಟು ಇಂಗ್ಲಿಷಿನಲ್ಲಿ ಕೇಳಿದರು: “ಬೆಟ್ಟ ಒಂದೇ, ಕೈಬರಹವೂ ಒಂದೇ. ಇದರಲ್ಲಿ ಯಾವುದು ಸುಳ್ಳು?”

ಎರಡನ್ನೂ ಸಮರ್ಥಿಸುವ ವಾದ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಬಾಗಿಲಾಚೆ ಮಾವ ಕಾಲು ಬದಲಿಸುತ್ತ ನಿಂತಿದ್ದರು.

“ಮೊದಲನೆಯದು,” ಎಂದೆ. “ಬೆಟ್ಟ ಹತ್ತದೆಯೇ ಬರೆದೆ.”

ದೊರೆ ಮೊದಲನೆಯ ಅರ್ಜಿಯನ್ನು ಪಕ್ಕಕ್ಕೆ ಸರಿಸಿ, ಕಲ್ಲು ಸುತ್ತುಗಟ್ಟಿದ ಗುಂಡಿಯಲ್ಲಿ, ಕಾವಲಿಗೊಬ್ಬ ಆಳಿದ್ದರೆ, ಬೆಂಕಿ ಹಾಕಬಹುದೆಂದು ಬರೆದುಕೊಟ್ಟರು.

“ಅಷ್ಟೊತ್ತು ಏನ್ ವಾದ ಮಾಡ್ದೆ?” ಎಂದರು ಮಾವ.

“ವಾದ ಮಾಡ್ಲಿಲ್ಲ ಮಾಮ. ತಪ್ಪು ನಂದು ಅಂದೆ.”

ಅವರು ಕಾಗದವನ್ನು ರುಮಾಲಿನ ಮಡಿಕೆಗೆ ಸಿಕ್ಕಿಸಿಕೊಂಡರು. “ಇನ್ನೂ ನಾಕು ಕರು ಐತೆ. ನೀನೂ ಬಾ, ಕಲ್ಲು ಹೊರಾಕೆ ಆಳು ಬೇಕು.”