ಸ್ಯಾಲೊ ಅಳಿವೆಯ ಮೊದಲ ಸಲಿಕೆ

ಸ್ಯಾಲೊ ಹೊಳೆಯ ಉದ್ದ ಎಂಟೂವರೆ ಮೈಲಿ. ನಕ್ಷೆಯಲ್ಲಿ ಒಂಬತ್ತು ಎಂದು ಅಚ್ಚು ಹಾಕಿದ್ದಾರೆ. ಬೇಸಿಗೆಯಲ್ಲಿ ಬರುವ ಪ್ರವಾಸಿಗರು ಅದನ್ನೇ ಬಿಡಿಸಿ ಹಿಡಿದುಕೊಂಡು ನನ್ನ ಜೊತೆ ವಾದಕ್ಕೆ ನಿಲ್ಲುತ್ತಾರೆ. ಮೂವತ್ತೊಂದು ವರ್ಷ ಇದೇ ಹೊಳೆಯ ದಂಡೆಯ ಮೇಲೆ ಸೈಕಲ್ ತುಳಿದು ಟಪಾಲು ಹಂಚಿದವನು ನಾನು, ನನಗೆ ನಕ್ಷೆ ತೋರಿಸಲು ಬರುತ್ತಾರೆ. ಆ ಹೆಚ್ಚಿನ ಅರ್ಧ ಮೈಲಿಯನ್ನು ಎಲ್ಲಿಂದ ತಂದರೋ ನಕ್ಷೆ ಬರೆದವರನ್ನೇ ಕೇಳಬೇಕು. ಎಂಟೂವರೆ ಎಂದು ಹೇಳಿದವಳು ಹೆಸ್ಟರ್ ಗಾಲಪ್. ಅವಳು ಹಗ್ಗ ಹಿಡಿದು ಅಳೆದಿದ್ದಳು.

ಆಗ ಅವಳಿಗೆ ಹನ್ನೊಂದು ವರ್ಷ. ನಮ್ಮ ಸ್ಟೋಕ್ ಸ್ಯಾಲೊ ಊರಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಹಗ್ಗದ ಇನ್ನೊಂದು ತುದಿ ಹಿಡಿದು ಮೂರು ಭಾನುವಾರ ಅವಳ ಹಿಂದೆ ನಡೆದ ಪೆದ್ದ ನಾನೇ. ಸುಣ್ಣಕಲ್ಲಿನ ಗುಡ್ಡದ ಬುಡದಲ್ಲಿ, ಒಬ್ಬ ರೈತನ ಕುರಿದೊಡ್ಡಿಯ ಒಳಗೇ ಹೊಳೆ ಹುಟ್ಟುತ್ತದೆ. ತಂಬಿಗೆಯಷ್ಟು ಅಗಲದ ಬುಗ್ಗೆ. ಅಲ್ಲಿಂದ ಅದು ಐದು ಗಿರಣಿಗಳನ್ನು ದಾಟಿ ಬರುತ್ತದೆ. ನಾಲ್ಕು ಗಿರಣಿಗಳ ಗೋಡೆಗಳು ಮಾತ್ರ ಉಳಿದಿದ್ದವು, ಐದನೆಯದು ಇನ್ನೂ ಹಿಟ್ಟು ಬೀಸುತ್ತಿತ್ತು. ಆಮೇಲೆ ಹ್ಯಾಲೆಟ್ ಮನೆತನದ ಹುಲ್ಲುಗಾವಲು, ಆಮೇಲೆ ನಮ್ಮ ಕೆಳಬೀದಿ, ಕೊನೆಗೆ ಸಮುದ್ರದ ಅಂಚಿನ ಗುಂಡುಕಲ್ಲಿನ ದಿಬ್ಬ. ಅಲ್ಲಿಗೆ ಬಂದು ಹೊಳೆ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಸ್ಯಾಲೊ ಸಮುದ್ರ ಸೇರುವುದನ್ನು ಕಣ್ಣಿಂದ ಕಂಡವರಿಲ್ಲ. ನೀರು ಕಲ್ಲುಗಳ ಸಂದಿನಲ್ಲಿ ಇಳಿದು ಮಾಯವಾಗುತ್ತದೆ.

"ಎಲ್ಲಿಗೆ ಹೋಗತ್ತೆ?" ಎಂದು ಹೆಸ್ಟರ್ ಎಲ್ಲರ ತಲೆ ತಿನ್ನುತ್ತಿದ್ದಳು.

"ಸಮುದ್ರಕ್ಕೆ ಕಣೇ, ಇನ್ನೆಲ್ಲಿಗೆ," ಎನ್ನುತ್ತಿದ್ದ ಅವಳಪ್ಪ ಈಲೈ.

"ಸಮುದ್ರಕ್ಕೆ ಸರಿ. ಸಮುದ್ರದಲ್ಲಿ ಎಲ್ಲಿಗೆ?"

ಅವಳ ತಾಯಿ ಊರವರ ಬಟ್ಟೆ ಒಗೆದುಕೊಡುತ್ತಿದ್ದಳು. ಒಂದು ದಿನ ಬಿಳಿ ಬಟ್ಟೆಗೆ ಹಾಕುವ ನೀಲಿಯ ಡಬ್ಬಿಯನ್ನೇ ಕದ್ದು ತಂದು ಹೆಸ್ಟರ್ ದಿಬ್ಬದ ಹಿಂದಿನ ನೀರಿಗೆ ಸುರಿದಳು. ಆಮೇಲೆ ಸಮುದ್ರದ ಕಡೆ ಹೋಗಿ, ಇಳಿತದಲ್ಲಿ ಕಾದು ಕುಳಿತಳು. ಎಲ್ಲರೂ ಹೊಳೆಯ ಬಾಯಿ ಎಂದು ತೋರಿಸುತ್ತಿದ್ದ ಹಳೆಯ ಕಂಬದ ಹತ್ತಿರ ಏನೂ ಕಾಣಲಿಲ್ಲ. ಅದರಿಂದ ಇನ್ನೂರು ಗಜ ಪೂರ್ವಕ್ಕೆ ಮರಳು ತೆಳ್ಳಗೆ ನೀಲಿಯಾಯಿತು. ಸಂಜೆ ತಾಯಿಯಿಂದ ಚೆನ್ನಾಗಿ ಏಟು ತಿಂದಳು. ಮರುದಿನ ಬೆಂಚಿನ ಮೇಲೆ ಕೂರಲಾರದೆ ನಿಂತುಕೊಂಡೇ ನನಗೆ ಹೇಳಿದಳು: "ಗೊತ್ತಾಯ್ತು ನೋಡು. ಓರೆಯಾಗಿ ಹೋಗತ್ತೆ."

ಇಗರ್ಜಿಯ ಅಂಗಳದ ಗೋಡೆಯಲ್ಲಿ ಕೈ ತೋಳಿನಷ್ಟು ದಪ್ಪದ ಒಂದು ಕಬ್ಬಿಣದ ಬಳೆ ಇದೆ. ಅದರ ಬಗ್ಗೆಯೂ ಅವಳು ಪಾದ್ರಿಯನ್ನು ಬಿಡಲಿಲ್ಲ.

"ಕುದುರೆ ಕಟ್ಟೋದಕ್ಕೆ ಇರಬೇಕಮ್ಮ," ಎಂದರು ಅವರು.

"ಅಷ್ಟು ದಪ್ಪದ ಬಳೆಗೆ ಕಟ್ಟೋ ಕುದುರೆ ಎಷ್ಟು ದೊಡ್ಡದಿತ್ತು, ಪಾದ್ರಿಗಳೇ?"

ಪಾದ್ರಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಅವರಿಗೂ ಅದೇ ಹುಳ ಹೊಕ್ಕಿತು. ಇಬ್ಬರೂ ಸೇರಿ ಇಗರ್ಜಿಯ ಪೆಟ್ಟಿಗೆಯಲ್ಲಿದ್ದ ಹಳೆಯ ಕಡತಗಳನ್ನೆಲ್ಲ ಕೆದಕಿದರು. ಒಂದು ಕಾಲದಲ್ಲಿ ಹಡಗುಗಳು ಅಲ್ಲಿಯವರೆಗೆ ಬಂದು, ಆ ಬಳೆಗೆ ಹಗ್ಗ ಕಟ್ಟಿ ನಿಂತು, ಉಣ್ಣೆ ತುಂಬಿಕೊಂಡು ಫ್ರಾನ್ಸಿಗೆ ಹೋಗುತ್ತಿದ್ದವಂತೆ. ಆಮೇಲೆ ಒಂದು ಚಳಿಗಾಲದ ಬಿರುಗಾಳಿ ಮೂರು ದಿನ ಬೀಸಿ, ಕಲ್ಲು ತಂದು ಸುರಿದು, ಹೊಳೆಯ ಬಾಯಿ ಮುಚ್ಚಿತಂತೆ. ಊರಿನ ಬಂದರು ಹೋಯಿತು, ದಿಬ್ಬ ಉಳಿಯಿತು. ಆವತ್ತಿನಿಂದ ಇವತ್ತಿನವರೆಗೂ ನಮ್ಮ ಪಾಡು ಒಂದೇ. ಶರತ್ಕಾಲದ ಮಳೆ ಜೋರಾದರೆ ದಿಬ್ಬದ ಹಿಂದೆ ನೀರು ತುಂಬಿ ಕೆಳಬೀದಿಗೆ ನುಗ್ಗುತ್ತದೆ. ಆಗ ಗಂಡಸರೆಲ್ಲ ಸಲಿಕೆ ಹಿಡಿದು ಹೋಗಿ ಅಳಿವೆ ಕಡಿಯಬೇಕು, ಅಂದರೆ ದಿಬ್ಬ ಸೀಳಿ ಹೊಳೆಯ ಬಾಯಿ ಬಿಡಿಸಬೇಕು.

ಅದಕ್ಕೊಂದು ಕಟ್ಟುಪಾಡು ಇದೆ. ಮೊದಲ ಸಲಿಕೆ ಹಾಕುವುದು ಅಳಿವೆ ಕಾಯುವವರೇ. ಅವರು ಕಲ್ಲಿಗೆ ಸಲಿಕೆ ಊರುವ ಮೊದಲು ಬೇರೆ ಯಾರೂ ಒಂದು ಕಲ್ಲನ್ನೂ ಅಲ್ಲಾಡಿಸುವಂತಿಲ್ಲ. ಕಾರಣ ಸರಳ. ಸಮುದ್ರ ಇಳಿಯುವಾಗ ಕಡಿದರೆ ಹೊಳೆ ತಾನೇ ದಾರಿ ಅಗಲ ಮಾಡಿಕೊಂಡು ಹೊರಗೆ ಹೋಗುತ್ತದೆ. ಏರುವಾಗ ಕಡಿದರೆ ಅದೇ ದಾರಿಯಲ್ಲಿ ಸಮುದ್ರ ಒಳಗೆ ಬರುತ್ತದೆ. ಈಲೈ ಗಾಲಪ್ ಇಪ್ಪತ್ತಾರು ವರ್ಷ ಆ ಕೆಲಸ ಮಾಡಿ, ೧೯೩೭ರ ಬೇಸಿಗೆಯಲ್ಲಿ ತೀರಿಕೊಂಡ. ಸಲಿಕೆ ಮಗಳ ಕೈಗೆ ಬಂತು.

ಆ ವರ್ಷವೇ ಅವಳು ತಪ್ಪಿದಳು. ನವೆಂಬರಿನ ಮಧ್ಯಾಹ್ನ, ನೀರು ಬೀದಿಗೆ ಬಂದಿತ್ತು. ದಿಬ್ಬದ ಮೇಲೆ ನಿಂತ ಗಂಡಸರು ಕೂಗಾಡುತ್ತಿದ್ದರು. ಹೋಟೆಲಿನ ವಾಲ್ಟ್ ಲೆಗ್, "ಹೆಂಗಸಿನ ಕೈಗೆ ಸಲಿಕೆ ಕೊಟ್ರೆ ಇಷ್ಟೇ, ಚಹಾ ಆದ್ಮೇಲೆ ಕಡೀತಾಳೆ," ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವಳ ಮುಖ ಕೆಂಪಾಯಿತು. ಇನ್ನೂ ಒಂದು ಗಂಟೆ ಕಾಯಬೇಕು ಎಂದು ಗೊತ್ತಿದ್ದೂ ಸಲಿಕೆ ಹಾಕಿಬಿಟ್ಟಳು. ಸಮುದ್ರ ಒಳಗೆ ಬಂತು. ರೂಬೆನ್ ಹ್ಯಾಲೆಟ್‌ನ ಹುಲ್ಲುಗಾವಲು ಪೂರ್ತಿ ಉಪ್ಪುನೀರಲ್ಲಿ ಮುಳುಗಿತು. ಮೂರು ವರ್ಷ ಅಲ್ಲಿ ಹುಲ್ಲು ಹುಟ್ಟಲಿಲ್ಲ. ತಾನೇ ಕರು ಎಳೆದು ಹುಟ್ಟಿಸಿ ಸಾಕಿದ ಹದಿನಾಲ್ಕು ಹಸುಗಳನ್ನು ರೂಬೆನ್ ಒಂದೊಂದಾಗಿ ಸಂತೆಗೆ ಹೊಡೆದುಕೊಂಡು ಹೋದ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹೆಸ್ಟರ್ ಇಗರ್ಜಿಯ ಬಾಗಿಲಲ್ಲಿ ಸಲಿಕೆ ಹಿಡಿದು ನಿಂತಳು. "ತಪ್ಪು ನಂದು. ಬೇಗ ಕಡಿದೆ. ಇದನ್ನ ಯಾರು ತಗೋತೀರ?" ಎಂದಳು. ಯಾರೂ ಕೈ ಚಾಚಲಿಲ್ಲ. ಕೂಗುವ ಧೈರ್ಯ ಎಲ್ಲರಿಗೂ ಇತ್ತು, ಹೊಣೆ ಹೊರುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಸಲಿಕೆ ಅವಳಲ್ಲೇ ಉಳಿಯಿತು. ರೂಬೆನ್ ಅವಳ ಮುಂದೆಯೇ ಹಾದು ಹೋದ, ಮಾತಾಡಲಿಲ್ಲ. ಹಾಗೆ ಹದಿನೇಳು ವರ್ಷ ಮಾತಾಡಲಿಲ್ಲ. ಅವನಿಗೆ ಬಂದ ಕಾಗದ ತಪ್ಪಿ ಅವಳ ಮನೆಗೆ ಹೋದರೆ, ಅದನ್ನು ಅವನಿಗೆ ಮುಟ್ಟಿಸಲು ನಾನೇ ಬೇಕಿತ್ತು.

ಆ ಹದಿನೇಳು ವರ್ಷ ಅವಳು ಸಮುದ್ರವನ್ನು ಪಾಠದಂತೆ ಓದಿದಳು. ಉಬ್ಬರ ಇಳಿತದ ವೇಳೆ ಅಚ್ಚಾದ ಪುಸ್ತಕ ಎಲ್ಲರ ಮನೆಯಲ್ಲೂ ಇತ್ತು. ಆದರೆ ನಮ್ಮ ದಿಬ್ಬದ ಹತ್ತಿರ ಸಮುದ್ರ ಪುಸ್ತಕದ ಮಾತು ಕೇಳುತ್ತಿರಲಿಲ್ಲ. ಬಟಾಣಿ ಬಳ್ಳಿಗೆ ಊರುವ ಕಡ್ಡಿಗಳನ್ನು ಅವಳು ಅಲೆಯ ಅಂಚಿನಲ್ಲಿ ಸಾಲಾಗಿ ನೆಡುತ್ತಿದ್ದಳು. ಇಪ್ಪತ್ತು ಅಲೆ ಬಂದು ಹೋದರೂ ಮೇಲಿನ ಕಡ್ಡಿ ಅಲ್ಲಾಡದಿದ್ದರೆ ಸಮುದ್ರ ತಿರುಗಿತು ಎಂದು ಅರ್ಥ. ನೈರುತ್ಯದ ಗಾಳಿ ಬೀಸಿದರೆ ತಿರುಗುವುದು ಇಷ್ಟು ತಡ, ಮಳೆಯೂ ಸೇರಿದರೆ ಇಷ್ಟು ತಡ ಎಂದು ಬರೆದಿಟ್ಟಳು. ನಾನು ಕಾಗದ ಕೊಡಲು ಹೋದರೆ ಕಾಗದ ಪಕ್ಕಕ್ಕಿಟ್ಟು, "ಮೇಲಿನ ಗಿರಣಿ ಹತ್ರ ನೀರು ಯಾವ ಬಣ್ಣ ಇತ್ತು?" ಎಂದು ಕೇಳುತ್ತಿದ್ದಳು.

೧೯೫೪ರ ನವೆಂಬರಿನಲ್ಲಿ ಆರು ದಿನ ಮಳೆ ಬಿಡಲಿಲ್ಲ. ಏಳನೆಯ ದಿನ, ಭಾನುವಾರ ಬೆಳಗ್ಗೆ ಎಂಟೂಕಾಲಿಗೆ ನಾವು ಹನ್ನೊಂದು ಮಂದಿ ಸಲಿಕೆ ಹಿಡಿದು ದಿಬ್ಬದ ಮೇಲಿದ್ದೆವು. ಹಿಂದೆ ಕೆಳಬೀದಿಯಲ್ಲಿ ಮೊಳಕಾಲುದ್ದ ನೀರು. ಮುಂದೆ ಸಮುದ್ರ ಇನ್ನೂ ಏರುತ್ತಿತ್ತು. ಹೆಸ್ಟರ್ ಕಡ್ಡಿಗಳನ್ನು ನೆಟ್ಟು, ಸಲಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಪುಸ್ತಕದಲ್ಲಿ ಸಮುದ್ರ ತಿರುಗೋದು ಹತ್ತೂ ಐದಕ್ಕೆ ಅಂತಿದೆ. ಈ ಗಾಳೀಲಿ ಹತ್ತೂವರೆ ಆಗತ್ತೆ. ಅಲ್ಲೀತನಕ ಇಲ್ಲ," ಎಂದಳು.

ಅವಳ ಮಾತಿನ ಬೆಲೆ ಏನೆಂದು ನಮಗೆಲ್ಲ ಗೊತ್ತಿತ್ತು. ಕೆಳಬೀದಿಯ ಹತ್ತು ಮನೆಗಳು ಕಲ್ಲಿನವು. ನೀರು ಬಂದರೆ ಒಣಗುತ್ತವೆ. ಹನ್ನೊಂದನೆಯದು, ಎಲ್ಲಕ್ಕಿಂತ ತಗ್ಗಿನದು, ಅವಳದು. ಎರಡೂವರೆ ಅಡಿ ಕಲ್ಲಿನ ತಳ, ಅದರ ಮೇಲೆ ಹುಲ್ಲು ತುಳಿದು ಕಟ್ಟಿದ ಮಣ್ಣಿನ ಗೋಡೆ. ತಳ ಮೀರಿ ನೀರು ಬಂದರೆ ಅಂಥ ಗೋಡೆ ನೆನೆದ ರೊಟ್ಟಿಯಂತೆ ಕುಸಿಯುತ್ತದೆ.

"ಹೋಗಿ ನೋಡ್ಕೊಂಡು ಬಾ," ಎಂದಳು ನನಗೆ. ನಾನು ಓಡಿಹೋಗಿ ಬಂದೆ.

"ಇನ್ನು ಎರಡು ಬೆರಳು ಬಾಕಿ, ಹೆಸ್ಟರ್."

"ಬೀದಿ ಕಡೆ ಗೋಡೆಗೋ, ಹೊಳೆ ಕಡೆ ಗೋಡೆಗೋ?"

"ಯಾವ ಕಡೆ ಆದ್ರೇನು ತಾಯಿ? ಮನೆ ನಿಂದು!"

"ಹೊಳೆ ಕಡೆ ಇರಬೇಕು," ಎಂದು ಅವಳು ಮತ್ತೆ ಕಡ್ಡಿಗಳ ಕಡೆ ತಿರುಗಿದಳು.

ವಾಲ್ಟ್ ಲೆಗ್‌ನ ನೆಲಮಾಳಿಗೆಯಲ್ಲಿ ಅಷ್ಟು ಹೊತ್ತಿಗೆ ಪೀಪಾಯಿಗಳು ತೇಲುತ್ತಿದ್ದವು. ಅವನು ಸುಮ್ಮನಿರುತ್ತಾನೆಯೇ? "ಸಾಕು ಮಾಡು ಹೆಸ್ಟರ್. ಮೊದಲು ಹೋಗೋದು ನಿನ್ನ ಮನೇನೇ. ನಿನ್ನ ಮನೆ ನಿನಗೇ ಬೇಡ ಅಂದ್ರೆ ನಾವೇನು ಮಾಡೋಣ? ಕಡಿಯೋಣ ಕಣ್ರೋ, ನಾವೇ ಕಡಿಯೋಣ," ಎಂದ. ಮೂರು ನಾಲ್ಕು ಮಂದಿ ಅವನ ಪಕ್ಕಕ್ಕೆ ಸರಿದರು. ಕಟ್ಟುಪಾಡು ಮುರಿಯಲು ಒಂದೇ ಸಲಿಕೆ ಸಾಕಿತ್ತು.

ಆಗ ರೂಬೆನ್ ಹ್ಯಾಲೆಟ್ ದಿಬ್ಬ ಹತ್ತಿ ಬಂದ. ಎಲ್ಲರೂ ಅವನ ಮುಖ ನೋಡಿದೆವು. ಅವಳ ಮಾತು ಕೇಳಬೇಡಿ ಎಂದು ಹೇಳುವ ಹಕ್ಕು ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ಅವನಿಗೇ.

"ಹೇಳು ರೂಬೆನ್, ನೀನೇ ಹೇಳು," ಎಂದ ವಾಲ್ಟ್. "ಇವಳ ಲೆಕ್ಕ ನಂಬಿ ನಿನಗೆ ಬಂದ ಗತಿ ಹೇಳು."

ರೂಬೆನ್ ತನ್ನ ಸಲಿಕೆಯನ್ನು ಕಲ್ಲುಗಳ ಮೇಲೆ ಮಲಗಿಸಿದ. ಅದರ ಹಿಡಿಯ ಮೇಲೆ ನಿಧಾನವಾಗಿ ಕುಳಿತ. ಅವಳ ಕಡೆ ನೋಡಲೇ ಇಲ್ಲ.

"ವಾಲ್ಟ್, ನೀನು ಯಾವತ್ತಾದ್ರೂ ಸಮುದ್ರನ ಒಳಗೆ ಬಿಟ್ಟಿದ್ದೀಯಾ?"

"ನಾನ್ಯಾಕೆ ಬಿಡ್ಲಿ?"

"ಇಲ್ಲಿ ಇನ್ಯಾರಾದ್ರೂ?" ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. "ಅವಳೊಬ್ಬಳೇ ಬಿಟ್ಟಿರೋದು. ಹಂಗಾಗಿ ಅದರ ವಿಷಯ ಗೊತ್ತಿರೋದೂ ಅವಳೊಬ್ಬಳಿಗೇ. ಕೂತ್ಕೊಳ್ಳಿ ಎಲ್ಲರೂ."

ಬೈದುಕೊಳ್ಳುತ್ತಲೇ ಒಬ್ಬೊಬ್ಬರಾಗಿ ಕುಳಿತೆವು. ವಾಲ್ಟ್ ಕೊನೆಗೆ ಕುಳಿತ.

ಹತ್ತು ಗಂಟೆ ದಾಟಿತು. ನಾನು ಮತ್ತೆ ಹೋಗಿ ನೋಡಿ ಬಂದೆ. ನೀರು ತಳ ಮೀರಿತ್ತು. ಅವಳಿಗೆ ಹೇಳಿದೆ, ಅವಳು ತಲೆ ಆಡಿಸಿದಳು. ಹತ್ತೂವರೆ ಆಯಿತು. ಅಲೆ ಬಂದು ಮೇಲಿನ ಕಡ್ಡಿಯನ್ನು ಎತ್ತಿಕೊಂಡು ಹೋಯಿತು. ಅವಳು ಇನ್ನೊಂದು ನೆಟ್ಟಳು. ಅದನ್ನೂ ಎತ್ತಿಕೊಂಡು ಹೋಯಿತು. ಅವಳ ಹುಬ್ಬು ಗಂಟಿಕ್ಕಿತು. ಮತ್ತೊಂದು ನೆಟ್ಟು ಅಲೆ ಎಣಿಸತೊಡಗಿದಳು. ನಾನು ಹಿಂದೆ ತಿರುಗಿ ನೋಡಿದಾಗ, ಅವಳ ಮನೆಯ ಹುಲ್ಲಿನ ಮಾಡು ಹೊಳೆಯ ಕಡೆಗೆ ಬಾಗುತ್ತಿತ್ತು. ಮಣ್ಣಿನ ಗೋಡೆ ಬೀಳುವಾಗ ಸದ್ದಾಗುವುದಿಲ್ಲ. ದಣಿದವರು ಕುಳಿತಂತೆ ಅದು ಕುಳಿತುಬಿಟ್ಟಿತು. ಅವಳು ತಿರುಗಿ ನೋಡಲೂ ಇಲ್ಲ, ತುಟಿಯಲ್ಲಿ ಎಣಿಕೆ ನಡೆದೇ ಇತ್ತು.

"ಇಪ್ಪತ್ತು," ಎಂದು ಸಲಿಕೆ ಊರಿದಳು. ಆಗ ಹತ್ತೂ ಮುಕ್ಕಾಲು.

ಹನ್ನೆರಡು ಸಲಿಕೆಗಳು ಒಟ್ಟಿಗೆ ಬಿದ್ದವು. ಮೊದಲು ಗೇಣಗಲದ ಕಾಲುವೆ, ಆಮೇಲೆ ಮಾರಗಲ. ಅಲ್ಲಿಂದ ಮುಂದೆ ನಾವು ಪಕ್ಕಕ್ಕೆ ಹಾರಿಕೊಂಡು ಜೀವ ಉಳಿಸಿಕೊಳ್ಳುವುದಷ್ಟೇ ಕೆಲಸ. ಕೆಂಪು ನೀರು ಕಲ್ಲುಗಳನ್ನು ಉರುಳಿಸುತ್ತ ಸಮುದ್ರಕ್ಕೆ ನುಗ್ಗಿತು. ಒಂದು ಹನಿ ಉಪ್ಪುನೀರು ಒಳಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಕಲ್ಲುಗಳು ಕಂಡವು, ಹ್ಯಾಲೆಟ್‌ನ ಹುಲ್ಲುಗಾವಲು ಹಸುರಾಗಿಯೇ ಮೇಲೆದ್ದಿತು.

ಹೆಸ್ಟರ್ ದಿಬ್ಬದ ಮೇಲೆ ಕುಳಿತಿದ್ದಳು. ರೂಬೆನ್ ಹೋಗಿ ಅವಳ ಮುಂದೆ ನಿಂತ. ಹದಿನೇಳು ವರ್ಷಗಳ ನಂತರದ ಮೊದಲ ಮಾತು.

"ನೀನು ಹತ್ತೂವರೆ ಅಂದಿದ್ದೆ. ಹತ್ತೂ ಮುಕ್ಕಾಲಾಯ್ತು."

"ಹೌದು ರೂಬೆನ್. ಅದೇ ಯೋಚ್ನೆ ಮಾಡ್ತಿದ್ದೀನಿ. ಗಾಳಿ ಲೆಕ್ಕಕ್ಕೆ ತಗೊಂಡಿದ್ದೆ, ಮಳೇನೂ ತಗೊಂಡಿದ್ದೆ. ಆ ಕಾಲು ಗಂಟೆ ಎಲ್ಲಿಂದ ಬಂತು? ಬೇರೆ ಏನೋ ಇದೆ."

"ಇದ್ರೆ ನಾಳೆ ಹುಡುಕು. ಈಗ ನಮ್ಮನೆಗೆ ನಡಿ. ನನ್ನ ತಂಗಿ ಮೇಲಿನ ಕೋಣೇಲಿ ಹಾಸಿಗೆ ಹಾಕಿದ್ದಾಳೆ."

"ನನಗ್ಯಾಕೆ ಹಾಸಿಗೆ? ನಮ್ಮ..." ಎಂದು ಅವಳು ಮೊದಲ ಸಲ ಊರಿನ ಕಡೆ ತಿರುಗಿದಳು. ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತಳು. ನಾವು ಹನ್ನೆರಡು ಮಂದಿ ಗಂಡಸರು ನಮ್ಮ ನಮ್ಮ ಬೂಟು ನೋಡಿಕೊಂಡು ನಿಂತೆವು. ವಾಲ್ಟ್ ಲೆಗ್ ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

ಅವಳು ಹ್ಯಾಲೆಟ್ ಮನೆಯ ಮೇಲಿನ ಕೋಣೆಯಲ್ಲಿ ಒಂಬತ್ತು ವರ್ಷ ಬದುಕಿದಳು. ಆ ಕಾಲು ಗಂಟೆಯ ಗುಟ್ಟು ಅವಳಿಗೆ ಸಿಗಲಿಲ್ಲ. ಅವಳು ತೀರಿಹೋದ ಮೇಲೆ ಸಲಿಕೆಯನ್ನು ರೂಬೆನ್ ಕೇಳಿ ತೆಗೆದುಕೊಂಡ. ಈಗ ಅವನಿಗೆ ಎಪ್ಪತ್ತೆಂಟು, ಮಂಡಿ ಬಗ್ಗುವುದಿಲ್ಲ. ಆದರೂ ನೈರುತ್ಯದ ಗಾಳಿ ಎದ್ದ ದಿನ ಕಡ್ಡಿಗಳ ಕಟ್ಟು ಹೊತ್ತುಕೊಂಡು ದಿಬ್ಬಕ್ಕೆ ಹೋಗುತ್ತಾನೆ. ಹೋದ ವಾರ ಮಳೆಯಲ್ಲಿ ಅವನನ್ನು ಕಂಡು ನನಗೆ ರೇಗಿತು.

"ಈ ವಯಸ್ಸಲ್ಲಿ ನಿನಗೆ ಇದೆಲ್ಲ ಬೇಕಾ ಮಾರಾಯ? ಮನೇಲಿ ಬೆಂಕಿ ಮುಂದೆ ಕೂರೋಕಾಗಲ್ವಾ?"

ಅವನು ಕಡ್ಡಿ ನೆಡುತ್ತಲೇ ಹೇಳಿದ: "ಅವಳ ಮನೆ ತಿಂದಿದ್ದು ಆ ಕಾಲು ಗಂಟೆ ಕಣೋ. ಅದೇನು ಅಂತ ತಿಳ್ಕೊಳ್ಳದೆ ನಾನು ಅವಳ ಹತ್ರ ಯಾವ ಮುಖ ಇಟ್ಕೊಂಡು ಹೋಗ್ಲಿ?"